ತಕರಾರಿಲ್ಲ ಎಂದ ಮೇಲೆ

ಪುಣೆಯಲ್ಲಿ ಅನುವಾದ ಮಾಡಿಕೊಂಡು ಬದುಕುವ ನನ್ನಂಥವರಿಗೆ ಕಥೆ ಕಾದಂಬರಿಗಳಿಗಿಂತ ಕಾಗದಪತ್ರಗಳೇ ಹೆಚ್ಚು ಅನ್ನ ಹಾಕುತ್ತವೆ. ಬಾಡಿಗೆ ಕರಾರು, ಶಾಲೆಯ ದಾಖಲೆ, ಜಮೀನಿನ ಉತಾರೆ, ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು ಇತ್ಯಾದಿ. 2023ರ ನವೆಂಬರಿನಲ್ಲಿ ಅಂಥದೇ ಒಂದು ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಅಫಜಲಪುರದ ಕಡೆಯ ಗೌಂಡಿಯೊಬ್ಬರು ಹೆಂಡತಿಯೊಂದಿಗೆ ನನ್ನ ಮನೆಗೆ ಬಂದರು. ಅವರನ್ನು ಇಲ್ಲಿ ಮೇಸ್ತ್ರಿ ಎಂದಷ್ಟೇ ಕರೆಯುತ್ತೇನೆ. ಜೂನ್ ತಿಂಗಳ ಒಂದು ರಾತ್ರಿ, ಕಟ್ಟಡದ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಅಡ್ಡರಸ್ತೆಯಿಂದ ಬಂದ ಕಾರೊಂದು ಅವರಿಗೆ ಗುದ್ದಿತ್ತು. ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದಿದ್ದವು. ಒಳಗೆ ರಾಡು ಕೂಡಿಸಿದ್ದರು. ನಡೆಯುತ್ತಿದ್ದರು, ಆದರೆ ಸಾರವೆ ಹತ್ತುವುದು ಇನ್ನು ಆಗದ ಮಾತಾಗಿತ್ತು.

ಕ್ಲೇಮು ಹಾಕಲು ಕಲಬುರಗಿಯ ವಕೀಲರೊಬ್ಬರು ಒಪ್ಪಿದ್ದರು. ಮರಾಠಿಯಲ್ಲಿದ್ದ ಪೊಲೀಸ್ ಕಾಗದಗಳ ಕನ್ನಡ ಅನುವಾದ ಬೇಕಿತ್ತು. ಒಂದೊಂದೇ ಹಾಳೆ ಓದುತ್ತ ಹೋದೆ. ಅಪಘಾತದ ಮರುದಿನ ಆಸ್ಪತ್ರೆಯ ಹಾಸಿಗೆಯಲ್ಲೇ ಬರೆದುಕೊಂಡಿದ್ದ ಅವರ ಹೇಳಿಕೆ, ಅಂದರೆ ಮರಾಠಿಯವರು ‘ಜಬಾಬ’ ಎನ್ನುವ ಕಾಗದ, ಕೈಗೆ ಬಂತು. ಅದರ ಕೊನೆಯ ಸಾಲು: ‘ಮಾಝೀ ಕೋಣಾವಿರುದ್ಧ ತಕ್ರಾರ ನಾಹೀ.’ ಯಾರ ಮೇಲೂ ನನ್ನ ದೂರಿಲ್ಲ. ಕೆಳಗೆ ಮೇಸ್ತ್ರಿಯವರ ಸಹಿ.

‘ಇದನ್ನ ನೀವೇ ಹೇಳಿದ್ರಾ?’ ಎಂದು ಕೇಳಿದೆ.

‘ಹೌದ್ರಿ ಅಕ್ಕಾರ. ತಕ್ರಾರ ಆಹೇ ಕಾ ಅಂತ ಕೇಳಿದ್ರು. ನಂದೇನು ಯಾರ ಕೂಡ ತಕರಾರಿಲ್ರೀ ಸಾಹೇಬ್ರ ಅಂದೆ. ಖರೇನ, ನಂದು ಯಾರ ಕೂಡ ಜಗಳ ಇಲ್ರಿ.’

ನಾನು ಭಾಷಾವಿಜ್ಞಾನ ಓದಿದವಳು. ಒಂದೇ ಮೂಲದ ಶಬ್ದ ಎರಡು ಭಾಷೆಗಳಲ್ಲಿ ಎರಡು ದಾರಿ ಹಿಡಿಯುವುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಅರಬಿಯಲ್ಲಿ ‘ತಕ್ರಾರ್’ ಎಂದರೆ ಪುನರಾವರ್ತನೆ. ಹೇಳಿದ್ದನ್ನೇ ಹೇಳುತ್ತ ಹೋದರೆ ವಾಗ್ವಾದವಾಗುತ್ತದೆಯಲ್ಲವೆ, ಆ ಅರ್ಥದಲ್ಲಿ ಅದು ನಮ್ಮ ಕಡೆಗೆ ಬಂತು. ಕನ್ನಡದಲ್ಲಿ ತಕರಾರು ಎಂದರೆ ಜಗಳ, ಆಕ್ಷೇಪಣೆ, ವಿವಾದ. ಮರಾಠಿಯಲ್ಲಿ ತಕ್ರಾರ ಎಂದರೆ ಠಾಣೆಯಲ್ಲಿ ಕೊಡುವ ದೂರು. ಮೇಸ್ತ್ರಿ ಕನ್ನಡದಲ್ಲಿ ಸಭ್ಯತೆ ತೋರಿಸಿದ್ದರು, ಅದು ಮರಾಠಿಯಲ್ಲಿ ಹಕ್ಕು ಬಿಟ್ಟುಕೊಟ್ಟಂತೆ ದಾಖಲಾಗಿತ್ತು. ದೂರಿಲ್ಲವೆಂದ ಮೇಲೆ ಎಫ್ಐಆರ್ ಕೂಡ ಆಗಿರಲಿಲ್ಲ. ಎಂಟು ದಿನಗಳ ನಂತರ ಮೇಸ್ತ್ರಿಯ ಹೆಂಡತಿಯ ಅಣ್ಣ ಠಾಣೆಗೆ ಅಲೆದು ದೂರು ದಾಖಲಿಸಿದ್ದರು. ಅಷ್ಟರಲ್ಲಿ ಕಾರಿನವರು ಆಸ್ಪತ್ರೆಗೇ ಬಂದು 20,000 ರೂಪಾಯಿ ಕೊಟ್ಟು ‘ಮಿಟವೂನ ಟಾಕೂ’, ಇಲ್ಲಿಗೇ ಮುಗಿಸಿಬಿಡೋಣ, ಎಂದು ಹೋಗಿದ್ದರು.

ನನ್ನನ್ನು ಕಾಡಿದ್ದು ಆ ಸಾಲಿನ ಜೊತೆಗೆ ಇನ್ನೊಂದು ಲೆಕ್ಕ. ಅಪಘಾತ ಜೂನಿನಲ್ಲಿ, ಈಗ ನವೆಂಬರ್. ಕಾನೂನು ಕೊಟ್ಟಿದ್ದ ಆರು ತಿಂಗಳಲ್ಲಿ ಐದು ಮುಗಿದಿದ್ದವು. ಈ ಆರು ತಿಂಗಳು ಎಲ್ಲಿಂದ ಬಂತು, ಗಾಯಗೊಂಡವನ ಹಕ್ಕು ಇಷ್ಟು ತೆಳುವಾದ ಕಾಗದದ ಮೇಲೆ ಏಕೆ ನಿಂತಿದೆ ಎಂದು ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

*

ಈ ಕಥೆಯ ಆರಂಭದಲ್ಲೂ ಗೌಂಡಿಗಳೇ ಇದ್ದಾರೆ. 1841ರ ಡಿಸೆಂಬರ್ 24ರಂದು ಇಂಗ್ಲೆಂಡಿನ ಸಾನಿಂಗ್ ಎಂಬಲ್ಲಿ, ಮಳೆಗೆ ಕುಸಿದು ಹಳಿಯ ಮೇಲೆ ಬಿದ್ದಿದ್ದ ಮಣ್ಣಿಗೆ ರೈಲೊಂದು ಡಿಕ್ಕಿ ಹೊಡೆಯಿತು. ತೆರೆದ ಮೂರನೇ ದರ್ಜೆಯ ಬಂಡಿಗಳಲ್ಲಿದ್ದ ಅನೇಕರು ಲಂಡನ್ನಿನ ಹೊಸ ಪಾರ್ಲಿಮೆಂಟ್ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಕಲ್ಲುಕುಟಿಗರು, ಕ್ರಿಸ್‌ಮಸ್‌ಗೆ ಊರಿಗೆ ಹೊರಟವರು. ವಿಚಾರಣೆ ನಡೆಸಿದ ಜ್ಯೂರಿ ಎಂಜಿನ್ ಮತ್ತು ಬಂಡಿಗಳ ಮೇಲೆ 1,000 ಪೌಂಡ್ ‘ಡಿಯೋಡ್ಯಾಂಡ್’ ಹೇರಿತು. ಸಾವಿಗೆ ಕಾರಣವಾದ ವಸ್ತುವನ್ನು ದೇವರಿಗೆ ಒಪ್ಪಿಸಬೇಕೆಂಬ ಮಧ್ಯಯುಗದ ಪದ್ಧತಿ ಅದು. ಆದರೆ ಅಂಥ ಹಣ ಸೇರುತ್ತಿದ್ದುದು ರಾಜನಿಗೆ ಅಥವಾ ಆ ಹಕ್ಕು ಪಡೆದಿದ್ದ ಜಮೀನ್ದಾರನಿಗೆ, ಸತ್ತವರ ಹೆಂಡತಿ ಮಕ್ಕಳಿಗಲ್ಲ.

ಅವರಿಗೆ ಕೇಳುವ ಹಕ್ಕೇ ಇರಲಿಲ್ಲ. ವ್ಯಕ್ತಿಗೆ ಆದ ಹಾನಿಯ ದಾವೆ ವ್ಯಕ್ತಿಯೊಂದಿಗೇ ಸಾಯುತ್ತದೆ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ಸೂತ್ರ. ಕಾಲು ಮುರಿದವನು ದಾವೆ ಹೂಡಬಹುದಿತ್ತು, ಸತ್ತವನ ವಿಧವೆ ಹೂಡುವಂತಿರಲಿಲ್ಲ. ಹಾಗಾಗಿ ಗುದ್ದಿದವನಿಗೆ, ಗಾಯಗೊಂಡವನು ಬದುಕುವುದಕ್ಕಿಂತ ಸಾಯುವುದೇ ಅಗ್ಗ. ರೈಲ್ವೆ ಬಂದು ಸಾವುಗಳು ಹೆಚ್ಚಿದ ಮೇಲೆ ಈ ಅನ್ಯಾಯ ಸಹಿಸಲಾಗದಷ್ಟು ಬೆಳೆಯಿತು. 1846ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಡಿಯೋಡ್ಯಾಂಡನ್ನು ರದ್ದು ಮಾಡಿ, ಅದೇ ವರ್ಷ ಸತ್ತವರ ಅವಲಂಬಿತರಿಗೆ ದಾವೆಯ ಹಕ್ಕು ಕೊಟ್ಟಿತು.

ಆ ಕಾಯಿದೆಯ ಭಾರತೀಯ ರೂಪ 1855ರ ಮಾರಣಾಂತಿಕ ಅಪಘಾತಗಳ ಕಾಯಿದೆ. ಬೊಂಬಾಯಿಯಿಂದ ಠಾಣೆಗೆ ಮೊದಲ ರೈಲು ಓಡಿ ಆಗ ಎರಡೇ ವರ್ಷ. ಪುಣೆಗೆ ರೈಲು ಬಂದದ್ದು 1858ರಲ್ಲಿ. ಕಾಯಿದೆ ಹೆಂಡತಿ, ಗಂಡ, ತಂದೆತಾಯಿ ಮತ್ತು ಮಕ್ಕಳಿಗೆ ಅವರ ನಷ್ಟಕ್ಕೆ ತಕ್ಕ ಹಣ ಕೊಡಿಸಬಹುದು ಎಂದಿತು. ಆದರೆ ದಾರಿ ಒಂದೇ, ಸಿವಿಲ್ ಕೋರ್ಟಿನ ದಾವೆ. ಕೋರ್ಟ್ ಶುಲ್ಕ ಕಟ್ಟಿ, ಎದುರಿನವನ ನಿರ್ಲಕ್ಷ್ಯ ಸಾಬೀತು ಮಾಡಿ, ವರ್ಷಗಟ್ಟಲೆ ಕಾದು ಡಿಕ್ರಿ ಪಡೆಯಬೇಕು. ಅಷ್ಟಾದರೂ ಪ್ರತಿವಾದಿಯ ಹತ್ತಿರ ಹಣವಿಲ್ಲದಿದ್ದರೆ ಡಿಕ್ರಿ ಬರೀ ಕಾಗದ.

ಮೋಟಾರು ಬಂದ ಮೇಲೂ ಬಹುಕಾಲ ಇದೇ ಸ್ಥಿತಿ. 1914ರ ಮೋಟಾರು ವಾಹನ ಕಾಯಿದೆ ನೋಂದಣಿ, ಲೈಸೆನ್ಸು, ವೇಗ ಇವುಗಳ ಚಿಂತೆ ಮಾಡಿತೇ ಹೊರತು ಕೆಳಗೆ ಬಿದ್ದವನ ಚಿಂತೆ ಮಾಡಲಿಲ್ಲ. 1939ರ ಕಾಯಿದೆ ಅದನ್ನು ಬದಲಿಸಿತು. ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇಲ್ಲದೆ ವಾಹನವನ್ನು ರಸ್ತೆಗೆ ಇಳಿಸಬಾರದು ಎಂದು ಅದರ 8ನೇ ಅಧ್ಯಾಯ ಹೇಳಿತು. ಆ ಅಧ್ಯಾಯ ಜಾರಿಗೆ ಬರಲು 1946ರ ಜುಲೈ 1ರವರೆಗೆ ಕಾಯಬೇಕಾಯಿತು. ಅಂದಿನಿಂದ ಪರಿಹಾರ ಎಂಬುದು ಗುದ್ದಿದವನ ಜೇಬಿಗೆ ಕಟ್ಟಿಬಿದ್ದಿಲ್ಲ. ಕಾರಿನವರು ಆಸ್ಪತ್ರೆಯಲ್ಲಿ ಕೈಗಿಟ್ಟ 20,000ವನ್ನು ನೆನಪಿಸಿಕೊಳ್ಳಿ. ‘ಪಾಪ, ಅವರೂ ಸಾಲ ಮಾಡಿ ಕಾರು ತಗೊಂಡಾರ’ ಎಂದು ಮೇಸ್ತ್ರಿ ಮರುಗಿದ್ದರು. ಕೊಡಬೇಕಾದದ್ದು ವಿಮಾ ಕಂಪನಿ ಎಂಬುದು ಅವರಿಗೆ ಯಾರೂ ಹೇಳಿರಲಿಲ್ಲ.

*

ವಿಮೆ ಬಂತು, ಆದರೆ ಸಿವಿಲ್ ಕೋರ್ಟಿನ ದೂರ ಹಾಗೆಯೇ ಇತ್ತು. 1956ರ ತಿದ್ದುಪಡಿ ಅದಕ್ಕಾಗಿ ಬೇರೆಯೇ ಒಂದು ಬಾಗಿಲು ತೆರೆಯಿತು. ಮೋಟಾರು ಅಪಘಾತ ಕ್ಲೇಮುಗಳ ನ್ಯಾಯಾಧಿಕರಣ, ಈಗ ಎಲ್ಲರ ಬಾಯಲ್ಲಿ ‘ಎಂಎಸಿಟಿ’. ದೊಡ್ಡ ಶುಲ್ಕವಿಲ್ಲದೆ ಅರ್ಜಿ, ಸರಳ ವಿಚಾರಣೆ. ರಾಜ್ಯಗಳ ಮರುವಿಂಗಡಣೆಯಾಗಿ ಅಫಜಲಪುರ ಮೈಸೂರು ರಾಜ್ಯಕ್ಕೂ ಪುಣೆ ಬೊಂಬಾಯಿ ರಾಜ್ಯಕ್ಕೂ ಸೇರಿದ್ದೂ ಅದೇ ವರ್ಷ.

ಆದರೆ ಆ ಬಾಗಿಲಿಗೆ ಒಂದು ಗಡಿಯಾರವನ್ನೂ ನೇತುಹಾಕಿದ್ದರು. ಅಪಘಾತವಾದ 60 ದಿನಗಳೊಳಗೆ ಅರ್ಜಿ ಬರಬೇಕು. ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡವನಿಗೆ 60 ದಿನವೆಂದರೆ ಹಾಸಿಗೆಯಿಂದ ಏಳುವಷ್ಟರಲ್ಲಿ ಮುಗಿಯುವ ಕಾಲ. ತಡಕ್ಕೆ ತಕ್ಕ ಕಾರಣವಿದ್ದರೆ ಮನ್ನಿಸುವ ಅಧಿಕಾರ ನ್ಯಾಯಾಧಿಕರಣಕ್ಕೆ ಇತ್ತು ನಿಜ, ಆದರೆ ಆ ಕಾರಣವನ್ನೂ ಸಾಬೀತು ಮಾಡಬೇಕಿತ್ತು. 1969ರ ತಿದ್ದುಪಡಿ 60 ದಿನವನ್ನು ಆರು ತಿಂಗಳಿಗೆ ಏರಿಸಿತು.

1982ರಲ್ಲಿ ಇನ್ನೊಂದು ಹೆಜ್ಜೆ. ತಪ್ಪು ಯಾರದೆಂದು ಕೇಳದೆ, ಸಾವಿಗೆ 15,000 ಮತ್ತು ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಬೇಕೆಂಬ ನಿಯಮ ಬಂತು. ಗುದ್ದಿ ಓಡಿಹೋದ ವಾಹನದ ಗುರುತೇ ಸಿಗದಿದ್ದರೂ ಒಂದಿಷ್ಟು ಹಣ ಸಿಗುವ ನಿಧಿಯೂ ಆಗಲೇ ಹುಟ್ಟಿತು. ಮೊತ್ತ ಸಣ್ಣದು, ತತ್ವ ದೊಡ್ಡದು. ರಸ್ತೆಯಲ್ಲಿ ಮುರಿದ ಕಾಲು ಗುದ್ದಿದವನ ಪಾಪದ ಲೆಕ್ಕವಷ್ಟೇ ಅಲ್ಲ, ವಾಹನಗಳಿಂದ ಅನುಕೂಲ ಪಡೆಯುವ ಇಡೀ ಸಮಾಜದ ಬಾಕಿ ಎಂದು ಕಾನೂನು ಒಪ್ಪಿಕೊಂಡಿತು.

1988ರ ಹೊಸ ಮೋಟಾರು ವಾಹನ ಕಾಯಿದೆ ಆರು ತಿಂಗಳನ್ನೇ ಉಳಿಸಿಕೊಂಡು, ಏನೇ ಕಾರಣವಿದ್ದರೂ 12 ತಿಂಗಳ ನಂತರ ಬಾಗಿಲು ಮುಚ್ಚಿಬಿಡಬೇಕು ಎಂದಿತು. ಆರು ವರ್ಷಕ್ಕೇ ಸಂಸತ್ತು ಮನಸ್ಸು ಬದಲಿಸಿತು. 1994ರ ತಿದ್ದುಪಡಿ ಕಾಲಮಿತಿಯನ್ನೇ ತೆಗೆದುಹಾಕಿತು. ಆ ಬದಲಾವಣೆಯ ಲಾಭ ಬಾಕಿ ಇರುವ ಅರ್ಜಿಗಳಿಗೂ ಸಿಗಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮುಂದಿನ ಕಾಲು ಶತಮಾನ ಈ ಬಾಗಿಲಿಗೆ ಗಡಿಯಾರವಿರಲಿಲ್ಲ.

2019ರಲ್ಲಿ ದಂಡಗಳನ್ನು ಹೆಚ್ಚಿಸಿದ ತಿದ್ದುಪಡಿ ನಿಮಗೆ ನೆನಪಿರಬಹುದು. ಹೆಲ್ಮೆಟ್ಟು, ಸೀಟ್ ಬೆಲ್ಟು, ಕುಡಿದು ಓಡಿಸಿದರೆ 10,000 ಎಂದು ಪತ್ರಿಕೆಗಳು ಪಟ್ಟಿ ಹಾಕಿದವು. ಅದೇ ತಿದ್ದುಪಡಿಯಲ್ಲಿ ಒಂದು ಸಾಲು ಸದ್ದಿಲ್ಲದೆ ಮರಳಿ ಬಂದಿತ್ತು: ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸದ ಅರ್ಜಿಯನ್ನು ಸ್ವೀಕರಿಸಬಾರದು. 2022ರ ಏಪ್ರಿಲ್ 1ರಿಂದ ಅದು ಜಾರಿ. ತಡವನ್ನು ಮನ್ನಿಸುವ ಹಳೆಯ ಮಾತು ಈ ಸಲ ಸೆಕ್ಷನ್ನಿನಲ್ಲಿ ಇಲ್ಲ. ಅಂದರೆ 1969ಕ್ಕಿಂತಲೂ ಬಿಗಿ.

ಗಡಿಯಾರದ ಜೊತೆಗೆ ಒಂದು ವ್ಯವಸ್ಥೆಯನ್ನೂ ಕೊಟ್ಟಿದ್ದಾರೆ, ಅದನ್ನೂ ಹೇಳಬೇಕು. ಅದೇ ದಿನ ಜಾರಿಗೆ ಬಂದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 50 ದಿನದೊಳಗೆ ಮಧ್ಯಂತರ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಾಧಿಕರಣಕ್ಕೆ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಬಹುದು. ಸಂತ್ರಸ್ತರ ಹಕ್ಕುಗಳೇನು ಎಂಬುದರ ನಮೂನೆಯೊಂದನ್ನು ಅವರ ಕೈಗೆ ಕೊಡಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ವ್ಯವಸ್ಥೆ ಹೀಗೆಯೇ ನಡೆದರೆ ಗಾಯಗೊಂಡವನು ಓಡಾಡಬೇಕಾದದ್ದೇ ಇಲ್ಲ. ಆದರೆ ಇದೆಲ್ಲ ಶುರುವಾಗುವುದು ಠಾಣೆಯ ಕಾಗದದಿಂದ. ಅಲ್ಲಿ ‘ತಕ್ರಾರ ನಾಹೀ’ ಎಂದು ಬರೆದಿದ್ದರೆ?

*

ಮೇಸ್ತ್ರಿಯ ಚೀಲದಲ್ಲಿ ಅಂಥ ನಮೂನೆ ಇರಲಿಲ್ಲ. ಕನ್ನಡ ಬಲ್ಲವರು ಹಾಸಿಗೆಯ ಬಳಿ ಇರಲಿಲ್ಲ. ಪುಣೆಯಲ್ಲಿ ಕಟ್ಟಡ ಕಟ್ಟುವ ಕೈಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವು ಬಹಳ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ ದಾಟಿ ಬರುವ ಹೆದ್ದಾರಿಯೇ ಕಾತ್ರಜದ ಸುರಂಗ ಇಳಿದು, ಅಪಘಾತಗಳಿಗೆ ಕುಖ್ಯಾತವಾದ ನವಲೆ ಸೇತುವೆಯ ಹತ್ತಿರ ಪುಣೆಯನ್ನು ಮುಟ್ಟುತ್ತದೆ. ದುಡಿಯಲು ಬಂದವರಿಗೆ ಅಂಗಡಿಯ ಮರಾಠಿ, ಸೈಟಿನ ಹಿಂದಿ ಬರುತ್ತದೆ. ಪಂಚನಾಮೆಯ ಮರಾಠಿ ಬೇರೆಯೇ ಭಾಷೆ.

ಅವರು ಪುಣೆಯಲ್ಲಿ ಗಾಯಗೊಂಡು ಕಲಬುರಗಿಯಲ್ಲಿ ಕ್ಲೇಮು ಹಾಕಲು ಸಾಧ್ಯವಾದದ್ದು ಹೇಗೆ? ಅದಕ್ಕೂ 1994ಕ್ಕೇ ಋಣಿಯಾಗಬೇಕು. ಅಪಘಾತ ನಡೆದಲ್ಲಿ, ಅಥವಾ ಅರ್ಜಿದಾರ ವಾಸಿಸುವಲ್ಲಿ, ಅಥವಾ ಪ್ರತಿವಾದಿ ಇರುವಲ್ಲಿ, ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು, ಆಯ್ಕೆ ಅರ್ಜಿದಾರನದು ಎಂದು ಕಾನೂನು ಆಯೋಗ ತನ್ನ 119ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 1994ರ ತಿದ್ದುಪಡಿ ಅದನ್ನು ಕಾನೂನು ಮಾಡಿತು. ಊರು ಬಿಟ್ಟು ದುಡಿಯುವವರ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಈ ಕಾಯಿದೆಯಲ್ಲಿ ಇನ್ನೊಂದಿಲ್ಲ. ಕಾಲು ಮುರಿದವನು ಊರಿನಲ್ಲಿ, ತನ್ನವರ ನಡುವೆ ಇದ್ದುಕೊಂಡು, ತನ್ನ ಭಾಷೆಯಲ್ಲಿ ಸಾಕ್ಷಿ ಹೇಳಬಹುದು.

2023ರ ಜುಲೈನಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಪಘಾತ ಬಂಗಾಳದ ಸಿಲಿಗುರಿಯಲ್ಲಿ, ಕ್ಲೇಮು ಉತ್ತರ ಪ್ರದೇಶದ ಫತೇಗಢದಲ್ಲಿ. ಸಾಕ್ಷಿಗಳೆಲ್ಲ ಸಿಲಿಗುರಿಯವರು, ಭಾಷೆಯ ತೊಡಕಾಗುತ್ತದೆ, ಪ್ರಕರಣವನ್ನು ಬಂಗಾಳಕ್ಕೆ ವರ್ಗಾಯಿಸಿ ಎಂದು ವಾಹನದ ಮಾಲೀಕರು ಕೇಳಿದರು. ಕೋರ್ಟ್ ಒಪ್ಪಲಿಲ್ಲ. ಆಯ್ಕೆ ಅರ್ಜಿದಾರನದೇ ಎಂದು ಎತ್ತಿಹಿಡಿಯಿತು. ಫಲ ಸರಿಯಾದದ್ದೇ. ಆದರೆ ಕೊಟ್ಟ ಕಾರಣಗಳಲ್ಲಿ ಒಂದು, ಹಿಂದಿ ರಾಷ್ಟ್ರಭಾಷೆಯಾದ್ದರಿಂದ ಸಾಕ್ಷಿಗಳು ಹಿಂದಿಯಲ್ಲಿ ತಮ್ಮ ಮಾತು ಹೇಳಬಹುದು ಎಂಬುದು. ಸಂವಿಧಾನದ 343ನೇ ವಿಧಿ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆ ಎನ್ನುತ್ತದೆ, ರಾಷ್ಟ್ರಭಾಷೆ ಎಂಬ ಪಟ್ಟವನ್ನು ಯಾವ ಭಾಷೆಗೂ ಕೊಟ್ಟಿಲ್ಲ. ಆದೇಶ ಓದಿದಾಗ ನನಗೆ ಆ ವಾದಕ್ಕಿಂತ ಮೇಸ್ತ್ರಿಯ ಹಾಸಿಗೆಯೇ ಕಣ್ಣ ಮುಂದೆ ಬಂತು. ಅವರಿಗೆ ಅರ್ಥವಾಗದ ಶಬ್ದ ತೊಂದರೆ ಕೊಡಲಿಲ್ಲ. ಅರ್ಥವಾಯಿತು ಎಂದುಕೊಂಡ ಶಬ್ದ ಕೊಟ್ಟಿತು.

*

ಕ್ಲೇಮು ಸ್ವೀಕಾರವಾದ ಮೇಲೆ ಹಣದ ಲೆಕ್ಕ ಹೇಗೆ? ಇಲ್ಲಿ ಇಬ್ಬರು ಕನ್ನಡಿಗ ನ್ಯಾಯಮೂರ್ತಿಗಳ ಹೆಸರು ಹೇಳಲೇಬೇಕು. ಆರ್.ವಿ. ರವೀಂದ್ರನ್ ಸುಪ್ರೀಂ ಕೋರ್ಟಿನಲ್ಲಿದ್ದಾಗ 2009ರಲ್ಲಿ, ‘ಸರಳಾ ವರ್ಮಾ ಪ್ರಕರಣ’ ಎಂದು ಪ್ರಸಿದ್ಧವಾದ ತೀರ್ಪಿನಲ್ಲಿ, ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯನ್ನು ನಿಶ್ಚಿತಗೊಳಿಸಿದರು. 15ರಿಂದ 25 ವರ್ಷದವರಿಗೆ 18, 36ರಿಂದ 40ರವರಿಗೆ 15, 65 ದಾಟಿದವರಿಗೆ 5. ಅಲ್ಲಿಯವರೆಗೆ ಒಂದೊಂದು ನ್ಯಾಯಾಧಿಕರಣದ್ದು ಒಂದೊಂದು ಲೆಕ್ಕವಾಗಿತ್ತು. ಮರುವರ್ಷ ಗಾಯದ ಪ್ರಕರಣವೊಂದರಲ್ಲಿ ಅವರೇ ಇನ್ನೊಂದು ಗೆರೆ ಎಳೆದರು. ಅಂಗದ ಊನವೇ ಬೇರೆ, ಗಳಿಕೆಯ ಊನವೇ ಬೇರೆ. ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಅದೇ ಕೈ ಕಳೆದುಕೊಂಡ ಬಡಗಿ ಅಥವಾ ಚಾಲಕನ ಗಳಿಕೆ ಪೂರ್ತಿ ಹೋದಂತೆ. ಆದ್ದರಿಂದ ಶೇಕಡಾವಾರು ಬರೆದ ಪ್ರಮಾಣಪತ್ರವನ್ನು ಕಣ್ಣುಮುಚ್ಚಿ ಒಪ್ಪಬಾರದು, ವೈದ್ಯರನ್ನು ಸಾಕ್ಷಿಯಾಗಿ ವಿಚಾರಿಸಬೇಕು, ಈತ ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂದು ಕೇಳಬೇಕು.

ಇನ್ನು ಗಳಿಕೆಗೆ ಪುರಾವೆ. ಕೂಲಿಯವರ ಬಳಿ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಕರ್ನಾಟಕದ ಕೂಲಿ ಕಾರ್ಮಿಕರೊಬ್ಬರು 2004ರ ಅಪಘಾತಕ್ಕೆ ತಮ್ಮ ಆದಾಯ ತಿಂಗಳಿಗೆ 4,500 ಎಂದಿದ್ದರು. ಕೆಳಗಿನ ಹಂತದಲ್ಲಿ 3,000 ಎಂದು ಇಳಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್, ಆ ಕಾಲದಲ್ಲಿ ದಿನಗೂಲಿ 100ರಿಂದ 150 ಇತ್ತು, ಈತ ಕೇಳಿದ್ದು ಪ್ರಾಮಾಣಿಕವಾಗಿದೆ ಎಂದು 4,500ನ್ನೇ ಒಪ್ಪಿತು. 2014ರಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಗೋಪಾಲ ಗೌಡರು, ಇಂಥ ಅಸಂಘಟಿತ ದುಡಿಮೆಗೆ ಆದಾಯದ ದಾಖಲೆ ಬೇಕೆಂದು ಹಟ ಹಿಡಿಯಬಾರದು ಎಂದರು.

ಮೇಸ್ತ್ರಿಗೆ 38 ವರ್ಷ. ಗಳಿಕೆಯ ಸಾಮರ್ಥ್ಯದಲ್ಲಿ ಶೇ 40 ಹೋಗಿದೆ ಎಂದು ಇಟ್ಟುಕೊಳ್ಳಿ. ಆದಾಯ ತಿಂಗಳಿಗೆ 15,000 ಎಂದಾದರೆ, ವರ್ಷಕ್ಕೆ 1,80,000, ಅದರಲ್ಲಿ ಶೇ 40 ಅಂದರೆ 72,000, ಗುಣಕ 15ರಿಂದ 10,80,000 ರೂಪಾಯಿ. ಆದಾಯ 9,000 ಎಂದಾದರೆ ಅದೇ ಲೆಕ್ಕ 6,48,000ಕ್ಕೆ ನಿಲ್ಲುತ್ತದೆ. ನಡುವಿನ 4,32,000 ರೂಪಾಯಿ ಕಂಟ್ರಾಕ್ಟರನ ಹಾಜರಿ ಪುಸ್ತಕದ ಒಂದು ಹಾಳೆಯ ಬೆಲೆ. ದಾಖಲೆ ಇಲ್ಲವೆಂದು ಕೈಬಿಡಬಾರದು ಎಂದು ಕೋರ್ಟುಗಳು ಹೇಳಿವೆ, ಆದರೆ ಇದ್ದ ದಾಖಲೆಯನ್ನು ಕಳೆದುಕೊಂಡವನಿಗೆ ಅದು ಅರ್ಧ ಸಮಾಧಾನವಷ್ಟೆ. ಅದೃಷ್ಟಕ್ಕೆ ಮೇಸ್ತ್ರಿಯ ಹೆಂಡತಿ ವಾರದ ಬಟವಾಡೆಯನ್ನು ಕ್ಯಾಲೆಂಡರಿನ ಮನೆಗಳಲ್ಲಿ ಬರೆದಿಡುತ್ತಿದ್ದರು. ಆ ಕ್ಯಾಲೆಂಡರನ್ನು ರದ್ದಿಗೆ ಹಾಕಬೇಡಿ ಎಂದೆ.

*

ಈಗ ನನ್ನ ಪೇಚಿಗೆ ಬರುತ್ತೇನೆ. ‘ತಕ್ರಾರ ನಾಹೀ’ಯನ್ನು ಏನೆಂದು ಅನುವಾದಿಸಲಿ?

ಮೇಸ್ತ್ರಿಯ ಹೆಂಡತಿಗೆ ಉತ್ತರ ಸಿದ್ಧವಿತ್ತು. ‘ಯಕ್ಕಾ, ತಕರಾರಿಲ್ಲ ಅಂತನ ಬರೀರಲ್ಲ. ಅದೇ ಶಬ್ದ ಅದಲ್ಲಾ?’

ಅದೇ ಶಬ್ದ ಹೌದು. ಹಾಗೆ ಬರೆದಿದ್ದರೆ ಯಾರೂ ನನ್ನನ್ನು ಹಿಡಿಯುತ್ತಿರಲಿಲ್ಲ. ಕನ್ನಡದಲ್ಲಿ ಓದಿದ ನ್ಯಾಯಾಧೀಶರಿಗೆ ಒಬ್ಬ ಸಾಧು ಮನುಷ್ಯ ತನಗೆ ಯಾರ ಜೊತೆಗೂ ಜಗಳವಿಲ್ಲ ಎಂದಂತೆ ಕೇಳಿಸುತ್ತಿತ್ತು. ಅವರು ಹೇಳಿದ್ದೂ ಅದನ್ನೇ. ಆದರೆ ನನ್ನ ಮುಂದಿದ್ದದ್ದು ಅವರು ಹೇಳಿದ ಮಾತಲ್ಲ, ಬರೆದ ಕಾಗದ. ಆ ಕಾಗದ ಮರಾಠಿಯದು, ಮರಾಠಿಯಲ್ಲಿ ಅದರ ಅರ್ಥ ಒಂದೇ. ‘ನನ್ನ ದೂರಿಲ್ಲ’ ಎಂದೇ ಬರೆದು, ಅನುವಾದ ನಿಷ್ಠವಾಗಿದೆ ಎಂದು ಸಹಿ ಹಾಕಿದೆ. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ವಕೀಲರಿಗೆ ಫೋನ್ ಮಾಡಿ ಎರಡು ಶಬ್ದಗಳ ಕಥೆ ಹೇಳಿದೆ. ಅನುವಾದದ ಕೆಳಗೆ ಟಿಪ್ಪಣಿ ಹಾಕಲೇ ಎಂದೂ ಕೇಳಿದೆ. ‘ಬ್ಯಾಡ್ರಿ ಮೇಡಂ. ಅದನ್ನ ಅವರೇ ಕಟಕಟೆಯೊಳಗ ನಿಂತು ಹೇಳಲಿ’ ಎಂದರು.

ಆ ಸಾಲು ಕ್ಲೇಮನ್ನು ಕೊಲ್ಲುವುದಿಲ್ಲ ಎಂದೂ ಅವರೇ ವಿವರಿಸಿದರು. ಕ್ರಿಮಿನಲ್ ಪ್ರಕರಣದಷ್ಟು ಬಿಗಿಯಾದ ಪುರಾವೆ ಇಲ್ಲಿ ಬೇಡ, ಯಾವುದು ಹೆಚ್ಚು ಸಂಭವ ಎಂಬುದನ್ನು ನೋಡಿದರೆ ಸಾಕು. ಎಫ್ಐಆರ್ ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಳ್ಳಿಹಾಕಬಾರದು, ಅಪಘಾತವಾದವರ ಮನೆಯವರು ಮೊದಲು ಓಡುವುದು ಆಸ್ಪತ್ರೆಗೆ, ಠಾಣೆಗಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ವಿಮಾ ಕಂಪನಿಯ ಕಡೆಯವರು ಆ ಸಾಲನ್ನು ಹಿಡಿದೇ ಹಿಡಿಯುತ್ತಾರೆ. ತಾನೇ ಬಿದ್ದವನು ಎಂಟು ದಿನ ಯೋಚಿಸಿ ಒಂದು ಕಾರನ್ನು ಹುಡುಕಿಕೊಂಡ ಎನ್ನುತ್ತಾರೆ. ಅದಕ್ಕೆ ಉತ್ತರ ಬೇಕಿತ್ತು.

ಉತ್ತರ ಅದೇ ಚೀಲದ ತಳದಲ್ಲಿತ್ತು, ಆ ರಾತ್ರಿಯ ಕ್ಯಾಶುವಾಲ್ಟಿ ಚೀಟಿಯ ಜೆರಾಕ್ಸ್. ಅಪಘಾತದ ಗಾಯಾಳು ಬಂದರೆ ಆಸ್ಪತ್ರೆಯಲ್ಲಿ ಎಂಎಲ್‌ಸಿ ಎಂದು ದಾಖಲಿಸುತ್ತಾರೆ. ಅದರಲ್ಲಿ ‘ಹಿಸ್ಟರಿ’ ಎಂಬ ಕಲಮು. ಏನಾಯಿತು, ಹೇಗಾಯಿತು. ಎಷ್ಟೋ ಪ್ರಕರಣಗಳಲ್ಲಿ ಅವಸರದಲ್ಲಿ ‘ದ್ವಿಚಕ್ರ ವಾಹನದಿಂದ ಬಿದ್ದು’ ಎಂದಷ್ಟೇ ಬರೆದುಬಿಡುತ್ತಾರೆ. ಮುಂದೆ ಆ ಮೂರು ಶಬ್ದಗಳೇ ಕ್ಲೇಮಿಗೆ ಮುಳುವಾಗುತ್ತವೆ. ಮೇಸ್ತ್ರಿಯ ಚೀಟಿಯಲ್ಲಿ ಯಾವನೋ ಕಿರಿಯ ಡಾಕ್ಟರು ಇಂಗ್ಲಿಷಿನಲ್ಲಿ ‘ಸ್ಕೂಟರಿಗೆ ಕಾರು ಗುದ್ದಿ’ ಎಂದು ಬರೆದಿದ್ದರು. ಕರೆತಂದವರು ಎಂಬ ಕಡೆ ಒಂದು ಹೆಸರಿತ್ತು. ಅದು ಕಾರು ಓಡಿಸುತ್ತಿದ್ದವರ ಹೆಸರು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕರ್ತವ್ಯ ಎಂದು ಕಾಯಿದೆಯ 134ನೇ ಸೆಕ್ಷನ್ ಹೇಳುತ್ತದೆ. ಆತ ಆ ಕರ್ತವ್ಯ ಮಾಡಿದ್ದರು, ಅದು ದಾಖಲಾಗಿತ್ತು.

ಇದೇ ಊರಿನಲ್ಲಿ, 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರೊಂದು ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತದ್ದು ನಿಮಗೆ ಗೊತ್ತು. 17 ವರ್ಷದ ಚಾಲಕನಿಗೆ ಪ್ರಬಂಧ ಬರೆಯುವ ಷರತ್ತಿನ ಜಾಮೀನು ದೇಶವನ್ನೇ ಕೆರಳಿಸಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಅದರ ಇನ್ನೊಂದು ಅಧ್ಯಾಯ. ರಕ್ತದ ಮಾದರಿಯನ್ನೇ ಬದಲಿಸಿದರೆಂಬ ಆರೋಪದ ಮೇಲೆ ಸಸೂನ್ ಆಸ್ಪತ್ರೆಯ ವೈದ್ಯರ ಬಂಧನವಾಯಿತು. ಮೊದಲ ಕೆಲವು ಗಂಟೆಗಳಲ್ಲಿ ಬರೆದದ್ದು, ತೆಗೆದಿಟ್ಟದ್ದು ಏನು ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ ಎಂಬುದು ಉಳ್ಳವರಿಗೆ ಬೇಗ ತಿಳಿಯುತ್ತದೆ. ಮೇಸ್ತ್ರಿಯಂಥವರಿಗೆ ತಿಳಿಯುವುದು ಐದು ತಿಂಗಳಾದ ಮೇಲೆ.

ಅದಕ್ಕೇ ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ. ಕ್ಯಾಶುವಾಲ್ಟಿಯಲ್ಲಿ ‘ಹಿಸ್ಟರಿ’ ಬರೆಯುವಾಗ ಯಾವ ವಾಹನ ಗುದ್ದಿತು ಎಂದು ಹೇಳಿ ಬರೆಸಿ. ಓದಲು ಬಾರದ ಭಾಷೆಯ ಹೇಳಿಕೆಗೆ ಸಹಿ ಹಾಕುವ ಮುನ್ನ ಭಾಷೆ ಬಲ್ಲವರಿಂದ ಓದಿಸಿ, ಫೋನಿನಲ್ಲಾದರೂ ಸರಿ. ಎಫ್ಐಆರ್, ಸ್ಥಳದ ಪಂಚನಾಮೆ (ಹಳೆ ಮೈಸೂರಿನವರು ಮಹಜರು ಎನ್ನುತ್ತಾರೆ), ಕಾರಿನ ವಿಮಾ ಪಾಲಿಸಿ ಇವುಗಳ ನಕಲು ಕೇಳಿ ಪಡೆಯಿರಿ. ಔಷಧಿಯ ಮೂಲ ಬಿಲ್ಲು, ಎಕ್ಸ್‌ರೇ, ಹಾಜರಿ ಲೆಕ್ಕ ಎಸೆಯಬೇಡಿ. ಲೋಕ ಅದಾಲತ್ತಿನಲ್ಲಿ ರಾಜಿಗೆ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸಿ, ಅಲ್ಲಿಯ ಆದೇಶಕ್ಕೆ ಮೇಲ್ಮನವಿ ಇಲ್ಲ. ಆರು ತಿಂಗಳ ಕೊನೆಯ ದಿನವನ್ನು ಗೋಡೆಯ ಮೇಲೆ ಬರೆದಿಡಿ.

ಆ ಗಡಿಯಾರದ ಕಥೆ ಇನ್ನೂ ಮುಗಿದಿಲ್ಲ. ಆರು ತಿಂಗಳ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದಿವೆ. 2025ರ ನವೆಂಬರಿನಲ್ಲಿ ಕೋರ್ಟು, ಅವಧಿ ಮೀರಿತು ಎಂಬ ಕಾರಣಕ್ಕೆ ಸದ್ಯ ಯಾವ ಕ್ಲೇಮನ್ನೂ ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರವೆಂದರೆ ನಡುವಿನದು. ಅದನ್ನು ನಂಬಿಕೊಂಡು ಕೂರಬಾರದು.

ಮೇಸ್ತ್ರಿಯ ಅರ್ಜಿ 2023ರ ಡಿಸೆಂಬರಿನಲ್ಲಿ, ಗಡುವಿಗೆ ಒಂಬತ್ತು ದಿನ ಮೊದಲು, ದಾಖಲಾಯಿತು. ತೀರ್ಪು ಇನ್ನೂ ಬಂದಿಲ್ಲ. ಸಾಕ್ಷಿ ಹೇಳಿ ಬಂದ ದಿನ ಅವರೇ ಫೋನ್ ಮಾಡಿದ್ದರು. ವಿಮೆಯ ಕಡೆಯ ವಕೀಲರು ನನ್ನ ಅನುವಾದವನ್ನು ಎತ್ತಿ ಹಿಡಿದು, ದೂರಿಲ್ಲ ಅಂತ ನೀವೇ ಹೇಳಿದೀರಲ್ಲ ಎಂದು ಕೇಳಿದರಂತೆ.

‘ಏನ್ ಅಂದ್ರಿ?’ ಎಂದೆ, ಎದೆ ಗಟ್ಟಿ ಮಾಡಿಕೊಂಡು.

‘ಜಗಳ ಇಲ್ಲ ಅಂದಿದ್ದೆ ಸಾಹೇಬ್ರ, ಕಾಲು ಮುರದಿಲ್ಲ ಅಂದಿದ್ದಿಲ್ಲ ಅಂದೆ ಅಕ್ಕಾರ. ಜಡ್ಜ್ ಸಾಹೇಬ್ರು ಬರಕೊಂಡ್ರು.’

ಕನ್ನಡದಲ್ಲೇ ಬರೆದುಕೊಂಡರಾ ಎಂದು ಕೇಳಿದೆ. ಹೌದ್ರಿ, ಓದಿ ಹೇಳಿದ್ರು, ಆಮ್ಯಾಲ ಸಹಿ ಮಾಡಿದೆ ಎಂದರು.